ಬಂಡ್ರಿಯ ಟಿವಿಗೆ ಕಂಪ್ಲಿಯಿಂದ ರಿಪೇರಿ

ಬಂಡ್ರಿ
ಸೋಮವಾರ, ೧೨ ಜೂನ್ ೨೦೦೬

ಅಪ್ಪನಿಗೆ,

ಕವರಿನ ಮೇಲಿನ ಅಕ್ಷರ ನೋಡಿದ ಕೂಡಲೇ ಯಾರದೆಂದು ನಿಮಗೆ ಗೊತ್ತಾಗಿರುತ್ತದೆ. ಆದರೂ ಒಡೆದು ಓದುತ್ತಿದ್ದೀರಿ ಅಂದರೆ ಮುಂದೆ ಬರೆಯಬಹುದು ಅಂದುಕೊಂಡಿದ್ದೇನೆ. ಇದು ಬರೀ ಟಿವಿಯ ವಿಷಯ.

ನಮ್ಮ ಅತ್ತೆ ಸುಂಕಲಮ್ಮ ಗಣಿಯಲ್ಲಿ ಅದಿರು ಒಡೆಯುವ ಕೆಲಸಕ್ಕೆ ಹೋಗುತ್ತಾರೆ. ಈ ಯುಗಾದಿಗೆ ತಮ್ಮ ದುಡಿಮೆಯಲ್ಲೇ ಮನೆಗೊಂದು ಟಿವಿ ತಂದರು. ಜೊತೆಗೆ ತಿಂಗಳ ಬಾಡಿಗೆ ಇಲ್ಲದ ಸರ್ಕಾರಿ ಡಿಶ್. ಅದನ್ನು ಮಾಳಿಗೆಯ ಮೇಲೆ, ರಸ್ತೆ ಕಡೆಯ ಗೋಡೆಗೆ ಕೂರಿಸಿದ್ದಾರೆ. ಹಿಟ್ಟು ನಾದುವ ಅಗಲ ತಟ್ಟೆಯ ಹಾಗಿದೆ ಅಂತ ಅತ್ತೆ ಅದಕ್ಕೆ ಪರಾತ ಅನ್ನುತ್ತಾರೆ.

ತೊಂದರೆ ಏನೆಂದರೆ, ಬರಬೇಕಾದ ಚಾನೆಲ್‌ಗಳಲ್ಲಿ ಅರ್ಧ ಇಲ್ಲವೇ ಇಲ್ಲ. ಬಂದವೂ ನೆಟ್ಟಗೆ ಓಡುವುದಿಲ್ಲ. ವಾರ್ತೆ ಓದುವವಳ ಮುಖ ಚೌಕ ಚೌಕವಾಗಿ ಒಡೆದು, ಬಾಯಿ ತೆರೆದದ್ದು ತೆರೆದ ಹಾಗೇ ನಿಂತುಬಿಡುತ್ತದೆ. ಮೆಕ್ಯಾನಿಕ್ ಒಬ್ಬ ಬಂದು ಎರಡು ಸಲ ಡಿಶ್ ತಿರುಗಿಸಿ, ಇಷ್ಟೇ ಬರುವುದು ಅಂತ ಹೇಳಿ ಹೋದ. ನಾನು ಬಾಕ್ಸಿನ ಮುಚ್ಚಳ ತೆಗೆದು ನೋಡಿದೆ. ಬೆಸುಗೆ ಎಲ್ಲಾ ಸರಿಯಿದೆ. ಹತ್ತನೇ ವಯಸ್ಸಿನಿಂದ ನಿಮ್ಮ ಅಂಗಡಿಯ ಬೆಂಚಿನ ಮೇಲೆ ಕೂತು ಕಲಿತ ವಿದ್ಯೆ ಅಲ್ಲಿಗೆ ಮುಗಿಯಿತು. ಡಿಶ್ ನನಗೆ ಹೊಸದು.

ಬಸ್ ನಿಲ್ದಾಣದ ಬೂತಿನಿಂದ ಫೋನ್ ಮಾಡಬಹುದಿತ್ತು. ನೀವು ಇಟ್ಟುಬಿಡುತ್ತೀರಿ ಅನ್ನಿಸಿತು. ಕಾಗದವಾದರೆ ಹೇಳುವುದು ಮುಗಿಯುವ ತನಕ ಕೈಯಲ್ಲಿರುತ್ತದೆ.

ಲಾರಿ ಓಡಿಸುವವನನ್ನು ಮದುವೆಯಾದರೆ ಈ ಹೊಸ್ತಿಲು ತುಳಿಯಬೇಡ ಅಂದಿದ್ದಿರಿ. ಎರಡು ವರ್ಷ ಮೂರು ತಿಂಗಳಾಯಿತು, ತುಳಿದಿಲ್ಲ. ಈಗಲೂ ತುಳಿಯುತ್ತಿಲ್ಲ. ಕೇಳುತ್ತಿದ್ದೇನೆ, ಅಷ್ಟೆ.

ಪೂಜಿತಾ


ಕಂಪ್ಲಿ
೧೯ ಜೂನ್ ೨೦೦೬

ಟಿವಿ ಬಗ್ಗೆ.

'ಅರ್ಧ ಚಾನೆಲ್ ಇಲ್ಲ' ಅನ್ನುವುದು ಗಿರಾಕಿಯ ಮಾತು, ಮೆಕ್ಯಾನಿಕ್‌ನ ಮಾತಲ್ಲ. ಯಾವ ಅರ್ಧ? ಬಾಕ್ಸಿನ ಮೆನುವಿನಲ್ಲಿ ಚಾನೆಲ್‌ಗಳ ಗುಂಪಿನ ಮುಂದೆ ಎಚ್ ಅಥವಾ ವಿ ಅಂತ ಅಕ್ಷರ ಇರುತ್ತದೆ. ಬಂದ ಗುಂಪು ಯಾವುದು, ಬಾರದ್ದು ಯಾವುದು, ಬೇರೆ ಬೇರೆ ಬರೆ. ಡಿಶ್‌ನಿಂದ ಬಾಕ್ಸಿನವರೆಗೆ ವೈರು ಎಷ್ಟು ಉದ್ದ, ನಡುವೆ ಜಾಯಿಂಟ್ ಎಷ್ಟು, ಅದನ್ನೂ ಬರೆ. ಚಿತ್ರ ಒಡೆಯುವುದು ಯಾವ ಹೊತ್ತಿನಲ್ಲಿ ಅಂತ ಒಂದು ದಿನ ಕೂತು ಲೆಕ್ಕ ಇಡು. ಅಲ್ಲಿಯ ತನಕ ಡಿಶ್ ಮುಟ್ಟಬೇಡ.

ಕರೆಂಟ್ ಆರಿಸಿ ಮುಚ್ಚಳ ತೆಗೆದೆಯೋ ಇಲ್ಲವೋ ಬರೆದಿಲ್ಲ. ಆರಿಸಿಯೇ ತೆಗೆಯಬೇಕು.

ಜಡೆಪ್ಪ
ಜಡೆಪ್ಪ ರೇಡಿಯೊ ಅಂಡ್ ಟಿವಿ ವರ್ಕ್ಸ್

ಪೂಜಿ, ಅಂಟಿಸಾಕ ಅಂತ ಕಾಗದ ನನ್ ಕೈಗೆ ಕೊಟ್ರು, ಅದಕ್ಕ ಉಳಿದ ಜಾಗದಾಗ ಬರದೀನಿ. ನಿನ್ ಕಾಗದ ಬಂದ ದಿನ ನಿಮ್ಮಪ್ಪ ಅನ್ನ ಕಲಸಿ ಹಂಗ ಬಿಟ್ಟು ಎದ್ದು ಹೋಗಿ ಮತ್ತ ಓದಿದ್ರು. ಕರೆಂಟ್ ಆರಿಸ್ಯಾಳೋ ಇಲ್ಲೋ ಅಂತ ನನ್ನ ನಾಕ್ ಸಲ ಕೇಳ್ಯಾರ. ನನಗೇನ್ ಗೊತ್ತು. ಹುಷಾರಿರು ಮಗಳ.
ಅವ್ವ


ಬಂಡ್ರಿ
೨೬ ಜೂನ್ ೨೦೦೬

ಅಪ್ಪನಿಗೆ,

ಆರಿಸಿಯೇ ತೆಗೆದೆ.

ವಿ ಗುಂಪಿನವು ಎಲ್ಲಾ ಇವೆ. ಎಚ್ ಗುಂಪಿನದು ಒಂದೂ ಇಲ್ಲ. ವೈರು ಹದಿನೆಂಟು ಮೀಟರ್ ಇರಬಹುದು. ಯಾರದೋ ಹಳೇ ಕೇಬಲ್ ತುಂಡುಗಳನ್ನು ಐದು ಕಡೆ ಹೆಣೆದು, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಕಟ್ಟಿದ್ದಾರೆ. ನೋಡಿದರೆ ನಿಮಗೆ ಸಿಟ್ಟು ಬರುತ್ತದೆ.

ಚಿತ್ರ ಒಡೆಯುವ ಲೆಕ್ಕವನ್ನು ಅತ್ತೆ ಇಟ್ಟರು. ಭಾನುವಾರ ಅವರಿಗೆ ಕೆಲಸವಿರಲಿಲ್ಲ. "ನೀ ಅಡಗಿ ಮಾಡವ್ವ, ನಾ ನೋಡ್ಕೋತೀನಿ" ಅಂತ ಮುಂದೆ ಕೂತರು. ಅವರಿಗೆ ಬರೆಯಲು ಬರುವುದಿಲ್ಲ. ಚಿತ್ರ ಒಡೆದಾಗಲೆಲ್ಲ ಒಂದು ಅದಿರಿನ ಹರಳನ್ನು ಡಬ್ಬಿಗೆ ಹಾಕಿದರು. ಸಂಜೆಗೆ ಎಣಿಸಿದರೆ ನಲವತ್ತೊಂದು. ಅವರೇ ಇನ್ನೊಂದು ಮಾತು ಹೇಳಿದರು: ಪ್ರತಿ ಸಲವೂ ಅಡುಗೆಮನೆಯ ಗೂಡಿನಲ್ಲಿ ಲೋಟಗಳು ಗಲಗಲ ಅನ್ನುತ್ತಿದ್ದವಂತೆ. ಅಂದರೆ ಅದಿರು ಲಾರಿ ಹಾದುಹೋದಾಗ. ಈಗ ಗಣಿ ಕೆಲಸ ಎಷ್ಟು ಜೋರಾಗಿದೆ ಅಂದರೆ ಲಾರಿಗಳ ಸಾಲು ನಿಲ್ಲುವುದೇ ಇಲ್ಲ. ಎಲೆ, ಗೋಡೆ, ಒಣಗಲು ಹಾಕಿದ ಬಟ್ಟೆ, ಎಲ್ಲಾ ಕೆಂಪು.

ನನಗೆ ಅವಸರ ಏಕೆಂದು ನಿಮಗೆ ಹೇಳಬೇಕು. ಅತ್ತೆ ಭಾಳ ಚೆನ್ನಾಗಿ ಹಾಡುತ್ತಾರೆ. ಬೀಸುವ ಪದ, ಸೋಬಾನೆ, ತಾವೇ ಕಟ್ಟಿದವೂ ಇವೆ. ಕಳೆದ ತಿಂಗಳು ಟಿವಿಯವರು ಸಂಡೂರಿಗೆ ಬಂದು ಅವರ ಹಾಡು ಹಿಡಿದುಕೊಂಡು ಹೋಗಿದ್ದಾರೆ. ಸೆಪ್ಟೆಂಬರಿನಲ್ಲಿ ಚಂದನದಲ್ಲಿ ತೋರಿಸುತ್ತಾರಂತೆ. ನಮ್ಮ ಓಣಿಯಲ್ಲಿ ಇರುವುದು ಇದೊಂದೇ ಟಿವಿ. ಚಂದನ ಇರುವುದು ಬಾರದ ಅರ್ಧದಲ್ಲಿ.

ಅವ್ವನಿಗೆ, ನಾನು ಹುಷಾರಾಗಿದ್ದೇನೆ.

ಪೂಜಿತಾ


ಕಂಪ್ಲಿ
೪ ಜುಲೈ ೨೦೦೬

ಟಿವಿ ಬಗ್ಗೆ.

ಕಾಯಿಲೆ ಎರಡು. ಮೊದಲನೆಯದಕ್ಕೆ ಈಗ ಔಷಧ.

ಡಿಶ್‌ನ ಮುಂದೆ ಚಾಚಿಕೊಂಡಿರುವ ಮೂತಿಗೆ ಕರೆಂಟ್ ಹೋಗುವುದು ಅದೇ ವೈರಿನಲ್ಲಿ, ಬಾಕ್ಸಿನಿಂದ. ವಿ ಗುಂಪು ಬೇಕಾದರೆ ಬಾಕ್ಸು ಹದಿಮೂರು ವೋಲ್ಟ್ ಕಳಿಸುತ್ತದೆ, ಎಚ್ ಬೇಕಾದರೆ ಹದಿನೆಂಟು. ನಿಮ್ಮ ಐದು ಜಾಯಿಂಟುಗಳಲ್ಲಿ ನೀರು ಇಳಿದು ತುಕ್ಕು ಹಿಡಿದಿದೆ. ಹದಿನೆಂಟು ಹೊರಟದ್ದು ಮಾಳಿಗೆ ಹತ್ತುವಷ್ಟರಲ್ಲಿ ಸೋತು ಹದಿಮೂರರ ಹತ್ತಿರ ಬಂದಿರುತ್ತದೆ. ಮೂತಿಗೆ ಎಚ್ ಬೇಕೆಂದು ತಿಳಿಯುವುದೇ ಇಲ್ಲ. ಒಂದೇ ತುಂಡಿನ ವೈರು ಎಳೆದರೆ ಸರಿಹೋಗುತ್ತದೆ.

ಸಂಡೂರು ಬಸ್ಸಿನ ಕಂಡಕ್ಟರ್ ದುರುಗಣ್ಣನ ಕೈಯಲ್ಲಿ ಒಂದು ಗಂಟು ಕಳಿಸಿದ್ದೇನೆ. ಇಪ್ಪತ್ತು ಮೀಟರ್ ತಾಮ್ರದ ವೈರು, ನಾಲ್ಕು ಕನೆಕ್ಟರ್, ವೋಲ್ಟ್ ಅಳೆಯುವ ಮೀಟರು ಒಂದು ಇದೆ. ವೈರು ಹಾಕಿದ ಮೇಲೆ ಎರಡೂ ತುದಿಯಲ್ಲಿ ವೋಲ್ಟ್ ಅಳೆದು ನೋಡು. ಮೀಟರು ಹಳೆಯದು. ನನ್ನ ಹತ್ತಿರ ಇನ್ನೊಂದಿದೆ.

ಲೆಕ್ಕ ಇಟ್ಟವರು ಲಾರಿ ಮತ್ತು ಲೋಟದ ಸಂಬಂಧ ಹಿಡಿದದ್ದು ಸರಿ. ನನ್ನ ಹತ್ತಿರ ಕೆಲಸ ಕಲಿತವರಲ್ಲಿ ಅಷ್ಟು ಗಮನ ಇದ್ದವರು ಕಡಿಮೆ.

ಜಡೆಪ್ಪ

ಇನ್ನೊಂದ್ ಮೀಟರ್ ಇಲ್ಲ. ಗಂಟಿನಾಗ ಶೇಂಗಾ ಹೋಳಿಗಿ ನಾ ಇಟ್ಟೀನಿ. ಅವರು ನೋಡಿ, ಗಂಟು ಇನ್ನಷ್ಟ್ ಬಿಗಿ ಮಾಡಿ ಕಟ್ಟಿದ್ರು.
ಅವ್ವ


ಬಂಡ್ರಿ
೧೭ ಜುಲೈ ೨೦೦೬

ಅಪ್ಪನಿಗೆ, ಅವ್ವನಿಗೆ,

ಬಂತು. ಎಚ್ ಗುಂಪು ಪೂರ್ತಿ ಬಂತು.

ಈ ತುದಿಯಲ್ಲಿ ಹದಿನೆಂಟು ಇತ್ತು, ಮೇಲೆ ಹದಿನೇಳೂವರೆಗಿಂತ ಜಾಸ್ತಿ. ಮೀಟರಿನ ಮುಳ್ಳು ಅಲ್ಲಿಗೆ ಏರಿ ನಿಂತಾಗ ನನಗೆ ನಗು ತಡೆಯಲಾಗಲಿಲ್ಲ. ಹಳೇ ವೈರು ಕಿತ್ತಾಗ ಒಂದು ಜಾಯಿಂಟಿನಿಂದ ಒಂದು ಚಮಚೆಯಷ್ಟು ಕೆಂಪು ನೀರು ಸುರಿಯಿತು. ಹೊಸಾ ವೈರನ್ನು ಗೋಡೆಗುಂಟ ಎಳೆದು ಕ್ಲಿಪ್ ಹೊಡೆದದ್ದು ನಮ್ಮ ಮನೆಯವರು. ಹೊಸಪೇಟೆಯ ರೈಲ್ವೆ ಸೈಡಿಂಗಿಗೆ ಅದಿರು ಸುರಿದು ಬಂದವರು ಸ್ನಾನ ಕೂಡ ಮಾಡದೆ ಮಾಳಿಗೆ ಹತ್ತಿದರು.

ಚಂದನ ಹತ್ತಿದ ಕೂಡಲೇ ಅತ್ತೆ ಎದ್ದು ನಿಂತು ಸೆರಗು ಸರಿಮಾಡಿಕೊಂಡರು. ಅವರು ಕಾಣಿಸಲು ಇನ್ನೂ ಎರಡು ತಿಂಗಳಿದೆ ಅಂತ ಹೇಳಿ ಕೂರಿಸಬೇಕಾಯಿತು.

ಚಿತ್ರ ಮಾತ್ರ ಲಾರಿ ಹಾದರೆ ಈಗಲೂ ಒಡೆಯುತ್ತದೆ. ಅತ್ತೆಯ ಹಾಡು ಚೌಕ ಚೌಕವಾಗಿ ಬರುವುದನ್ನು ನಾನು ನೋಡಲಾರೆ. ಎರಡನೇ ಔಷಧ ಹೇಳಿ.

ಹೋಳಿಗೆಯಲ್ಲಿ ಒಂದು ಕೂಡ ಉಳಿದಿಲ್ಲ.

ಪೂಜಿತಾ


ಕಂಪ್ಲಿ
೨೯ ಜುಲೈ ೨೦೦೬

ಪೂಜಿತಾಗೆ,

ಡಿಶ್ಶನ್ನು ರಸ್ತೆ ಕಡೆಯ ಗೋಡೆಯಿಂದ ಇಳಿಸಿಬಿಡು. ಆ ಗೋಡೆ ನಡುಗುತ್ತಿರುವ ತನಕ ಎಷ್ಟು ಬಿಗಿ ಮಾಡಿದರೂ ಪ್ರಯೋಜನವಿಲ್ಲ. ಮನೆಯ ಹಿಂದೆ ಎರಡಡಿ ಗುಂಡಿ ತೋಡಿ, ಕಬ್ಬಿಣದ ಕಂಬ ನಿಲ್ಲಿಸಿ ಕಾಂಕ್ರೀಟ್ ಹಾಕಿಸು. ತೂಗುಗುಂಡು ಹಿಡಿದು ಕಂಬ ನೆಟ್ಟಗಿದೆಯೋ ಇಲ್ಲವೋ ನೋಡಬೇಕು. ಏಳು ದಿನ ಕಾಂಕ್ರೀಟಿಗೆ ನೀರುಣಿಸು. ಅಷ್ಟರೊಳಗೆ ಡಿಶ್ ಏರಿಸುವ ಅವಸರ ಬೇಡ.

ತಿರುಗಿಸುವಾಗ ಒಂದು ನೂಲಿನಷ್ಟೇ ಸರಿಸಿ ನಿಲ್ಲಿಸು. ಹತ್ತು ಎಣಿಸು. ಬಾಕ್ಸಿಗೆ ಗುರುತು ಹಿಡಿಯಲು ಹೊತ್ತು ಬೇಕು. ಹೆಚ್ಚಿನವರು ಅದು ಬಾಯಿ ಬಿಡುವ ಮೊದಲೇ ಮುಂದೆ ತಿರುಗಿಸಿ, ಇಲ್ಲಿ ಏನೂ ಇಲ್ಲ ಅಂದುಬಿಡುತ್ತಾರೆ.

ಕಂಬ ಎತ್ತುವುದು ನಿನ್ನ ಕೈಲಿ ಆಗುವುದಿಲ್ಲ. ನಿಮ್ಮ ಮನೆಯವರಿಗೆ ಹೇಳು.

ಜಡೆಪ್ಪ

ಪೂಜಿ, 'ನಿಮ್ಮ ಮನೆಯವರು' ಅಂತ ಬರಿಯೋಕ್ಕಿಂತ ಮೊದ್ಲ ಎರಡ್ ಹಾಳಿ ಹರದಾರ. ಕಸದಾಗ ಸಿಕ್ಕುವು.
ಅವ್ವ


ಬಂಡ್ರಿ
೧೬ ಆಗಸ್ಟ್ ೨೦೦೬

ಅಪ್ಪನಿಗೆ, ಅವ್ವನಿಗೆ,

ಕಂಬ ನಿಂತಿದೆ. ಮನೆಯವರಿಗೆ ನಿಮ್ಮ ಕಾಗದ ಓದಿ ಹೇಳಿದೆ. ಕೊನೆಯ ಸಾಲು ಇನ್ನೊಂದು ಸಲ ಓದು ಅಂದರು. ಮರುದಿನ ರಜೆ ಹಾಕಿ ಎರಡಡಿ ಬದಲು ಮೂರಡಿ ಗುಂಡಿ ತೋಡಿದರು. ಏಳು ದಿನವೂ ಹೊತ್ತಿಗೆ ಸರಿಯಾಗಿ ನೀರುಣಿಸಿದ್ದು ಅತ್ತೆ. ಈಗ ಹತ್ತು ಲಾರಿ ಒಟ್ಟಿಗೆ ಹೋದರೂ ವಾರ್ತೆಯವಳು ಮಾತು ನಿಲ್ಲಿಸುವುದಿಲ್ಲ. ಓಣಿಯ ಹೆಂಗಸರು ಕೆಲಸ ಮುಗಿಸಿ ನಮ್ಮ ಮನೆಗೇ ಬರುತ್ತಾರೆ. ಕೂರಲು ಜಾಗ ಸಾಲದೆ ಬಾಗಿಲಿನ ಆಚೆಯಿಂದ ನೋಡುತ್ತಾರೆ.

ಕಾರ್ಯಕ್ರಮದ ದಿನ ಗೊತ್ತಾಗಿದೆ: ಸೆಪ್ಟೆಂಬರ್ ಹತ್ತು, ಭಾನುವಾರ ಸಂಜೆ ಐದಕ್ಕೆ.

ಆದರೆ ನನಗೆ ಅರ್ಥವಾಗದ್ದೊಂದು ನಡೆಯುತ್ತಿದೆ. ಒಂದು ವಾರದಿಂದ ಚಂದನ ಮಾತ್ರ ಕಾಣೆಯಾಗುತ್ತಿದೆ. ಅದೇ ಗುಂಪಿನ ಉಳಿದವು ಸ್ವಚ್ಛವಾಗಿ ಬರುತ್ತವೆ. ಚಾನೆಲ್‌ಗಳನ್ನು ಮತ್ತೆ ಹುಡುಕಲು ಬಿಟ್ಟರೆ ಚಂದನ ಬರುತ್ತದೆ, ಒಂದು ದಿನ ಇರುತ್ತದೆ, ಮರುದಿನ ಪಟ್ಟಿಯಲ್ಲೇ ಇರುವುದಿಲ್ಲ. ನಾಲ್ಕು ಸಲ ಹೀಗಾಯಿತು. ವೋಲ್ಟ್ ಅಳೆದೆ, ಸರಿಯಿದೆ. ಡಿಶ್ ಒರೆಸಿದೆ. ಬಾಕ್ಸು ಹಾಳಾಗಿದೆಯೋ ಏನೋ. ಇನ್ನು ಇಪ್ಪತ್ತೈದು ದಿನ ಉಳಿದಿದೆ.

ಪೂಜಿತಾ


ಕಂಪ್ಲಿ
೨೪ ಆಗಸ್ಟ್ ೨೦೦೬

ಪೂಜಿತಾಗೆ,

ಡಿಶ್ ಹಾಳಾದರೆ ಎಲ್ಲಾ ಹೋಗುತ್ತವೆ. ವೈರು ಹಾಳಾದರೆ ಒಂದು ಗುಂಪು ಹೋಗುತ್ತದೆ. ಒಡನಾಡಿಗಳೆಲ್ಲ ಇದ್ದು ಒಂದೇ ಒಂದು ಚಾನೆಲ್ ಪಟ್ಟಿಯಿಂದ ಹೋಗುತ್ತಿದೆ ಅಂದರೆ ಯಾರೋ ಅದನ್ನು ರಿಮೋಟಿನಿಂದ ಅಳಿಸುತ್ತಿದ್ದಾರೆ. ನಾಲ್ಕು ಸಲ ಆಗಿದೆ ಅಂದರೆ ಕೈ ತಪ್ಪಿ ಆದದ್ದಲ್ಲ. ಮನೆಯೊಳಗಿನವರೇ ಇರಬೇಕು.

ಗೊತ್ತಾದ ಮೇಲೆ ಬೈಯಬೇಡ. ಏಕೆ ಅಂತ ಮೊದಲು ಕೇಳು. ನನಗೆ ಆ ಅಭ್ಯಾಸ ಇರಲಿಲ್ಲ.

ಅಪ್ಪ

ಈ ಸಲ ನಾ ಏನೂ ಬರಿಯಾಂಗಿಲ್ಲ. ಅವರ ಸಹಿ ನೋಡು.
ಅವ್ವ


ಬಂಡ್ರಿ
೨ ಸೆಪ್ಟೆಂಬರ್ ೨೦೦೬

ಅಪ್ಪನಿಗೆ,

ಸಹಿ ನೋಡಿದೆ. ಅದರ ಬಗ್ಗೆ ಬರೆಯಲು ನನಗೆ ಬರುತ್ತಿಲ್ಲ. ಟಿವಿ ಬಗ್ಗೆ ಬರೆಯುತ್ತೇನೆ.

ಅಳಿಸುತ್ತಿದ್ದವರು ಅತ್ತೆ. ಹುಡುಕಿದ ಮೇಲೆ ಎರಡೆರಡು ಸಲ ಬಂದ ಚಾನೆಲ್‌ಗಳನ್ನು ನಾನು ಅಳಿಸುವುದನ್ನು ನೋಡಿ, ಕೆಂಪು ಗುಂಡಿ ಆಮೇಲೆ ಹಸಿರು ಗುಂಡಿ ಅಂತ ಕಲಿತುಕೊಂಡಿದ್ದಾರೆ. ಅಕ್ಕಿ ಹಸನು ಮಾಡುತ್ತಿದ್ದರು; ಪಕ್ಕದಲ್ಲಿ ಕೂತು ನಾನೂ ಒಂದು ಮೊರ ಹಿಡಿದುಕೊಂಡು, ಯಾಕೆ ಅಂತ ಕೇಳಿದೆ. ಕಲ್ಲು ಆರಿಸುತ್ತಲೇ ಹೇಳಿದರು:

"ಹಾಡಿದ ಮ್ಯಾಲ ಆ ಹುಡುಗಿ ಮೈಕ್ ಹಿಡಕೊಂಡು ಮನ್ಯಾಗ ಯಾರ್‍ಯಾರು ಅದೀರಿ ಅಂತ ಕೇಳಿದ್ಲವ್ವ. ನಾ ಬಾಯಿ ತಡೀಲಾರ್ದ ನಿಮ್ಮಪ್ಪನ ಮಾತು ಆಡಿಬಿಟ್ಟೆ. ಆವಾಗ ನಿಮಗ ಮಾತಿರಲಿಲ್ಲ. ಈಗ ಕಾಗದ ಬರಾಕ ಹತ್ಯಾವ. ನನ್ ಮಾತು ಕೇಳಿ ಅವೂ ನಿಂತ್ರ?"

ಏನು ಅಂದಿರಿ ಅಂತ ಕೇಳಿದರೆ ಹೇಳುತ್ತಿಲ್ಲ. ನಮ್ಮ ಟಿವಿಯಲ್ಲಿ ಅಳಿಸಿದರೆ ಕಂಪ್ಲಿಯಲ್ಲಿ ಬರುವುದು ನಿಲ್ಲುತ್ತದೆಯೇ ಅಂತ ಕೇಳಿದೆ. ಅವರ ಕೈ ನಿಂತುಹೋಯಿತು. ಅವರು ತಿಳಿದದ್ದು ಆ ಗುಂಡಿ ಒತ್ತಿದರೆ ಚಾನೆಲ್ಲೇ ಇಲ್ಲವಾಗುತ್ತದೆ ಅಂತ. ಇಡೀ ರಾಜ್ಯಕ್ಕೆ ಚಂದನ ನಿಲ್ಲಿಸುತ್ತಿದ್ದೇನೆ ಅಂದುಕೊಂಡು, ಪಾಪ ಅಂತ ಹೆದರುತ್ತಲೇ ಒತ್ತುತ್ತಿದ್ದರಂತೆ. ಇಬ್ಬರೂ ನಕ್ಕು ನಕ್ಕು ಅಕ್ಕಿ ಚೆಲ್ಲಿದೆವು. ನಕ್ಕು ಮುಗಿದ ಮೇಲೆ ಅವರು ಅತ್ತರು.

ಚಂದನ ಈಗ ಪಟ್ಟಿಯಲ್ಲಿದೆ. ಇನ್ನು ಅಳಿಸುವುದಿಲ್ಲ ಅಂತ ಮಾತು ಕೊಟ್ಟಿದ್ದಾರೆ. ಭಾನುವಾರ ಐದಕ್ಕೆ ನೀವೂ ನೋಡಿ. ಅವರು ಏನೇ ಅಂದಿರಲಿ, ಮನಸ್ಸಿನಲ್ಲಿ ಕೆಟ್ಟದ್ದಿಲ್ಲದವರು. ಬೇಸರವಾದರೆ ನನಗೆ ಬೈಯಿರಿ, ಕಾಗದ ನಿಲ್ಲಿಸಬೇಡಿ.

ನಿಮ್ಮ
ಪೂಜಿ


ಕಂಪ್ಲಿ
೧೧ ಸೆಪ್ಟೆಂಬರ್ ೨೦೦೬

ಬೀಗಿತ್ತಿ ಸುಂಕಲಮ್ಮನವರಿಗೆ ಕಂಪ್ಲಿಯ ಜಡೆಪ್ಪನ ನಮಸ್ಕಾರಗಳು. ಪೂಜಿತಾ, ಇದು ನಿನಗಲ್ಲ, ಅವರಿಗೆ ಓದಿ ಹೇಳು. ಏನನ್ನೂ ಬಿಡಬೇಡ.

ಅಮ್ಮಾ, ನಿನ್ನೆ ಸಂಜೆ ಅಂಗಡಿಯಲ್ಲಿದ್ದ ಆರು ಟಿವಿಗಳನ್ನೂ ಚಂದನಕ್ಕೆ ಹಾಕಿ ಕೂತಿದ್ದೆ. ಒಂದು ಕೈಕೊಟ್ಟರೂ ಉಳಿದವು ಇರಲಿ ಅಂತ. ನಾಲ್ಕೂವರೆಯಿಂದಲೇ ನನ್ನ ಹೆಂಡತಿ ಪಂಪಮ್ಮ ಪಕ್ಕದಲ್ಲಿದ್ದಳು. ನೀವು ಹಾಡಿದಿರಿ. ನನಗೆ ಹಾಡು ತಿಳಿಯುವುದಿಲ್ಲ, ಧ್ವನಿ ತಿಳಿಯುತ್ತದೆ. ಮೂವತ್ತು ವರ್ಷ ಸ್ಪೀಕರ್ ರಿಪೇರಿ ಮಾಡಿದ್ದೇನೆ. ಅಷ್ಟು ಸ್ವಚ್ಛವಾದ ಧ್ವನಿ ನನ್ನ ಅಂಗಡಿಯಲ್ಲಿ ಕೇಳಿಸಿದ್ದು ಅಪರೂಪ.

ಆಮೇಲೆ ನೀವು ಆಡಿದ ಮಾತು. ಪೂಜಿತಾ ಅದನ್ನು ಅಲ್ಲಿಯೇ ಕೇಳಿರುತ್ತಾಳೆ, ಆದರೂ ಇಲ್ಲಿ ಬರೆಯುತ್ತೇನೆ, ಏಕೆಂದರೆ ನಾನು ಸರಿಯಾಗಿ ಕೇಳಿಸಿಕೊಂಡೆ ಅಂತ ನಿಮಗೆ ತಿಳಿಯಬೇಕು. "ನನ್ ಸೊಸಿ ರೇಡಿಯೊ, ಫ್ಯಾನು ಎಲ್ಲಾ ರಿಪೇರಿ ಮಾಡ್ತಾಳ್ರಿ. ಅವರಪ್ಪ ಕಲಿಸ್ಯಾರ. ಹೆಣ್ಣುಮಗಳ ಕೈಯಾಗ ಸ್ಕ್ರೂಡ್ರೈವರ್ ಕೊಟ್ಟ ಆ ಮನಷ್ಯಾನ್ನ ನಾ ಒಂದ್ಸಲ ನೋಡಬೇಕು. ಸಿಟ್ಟಿನಾಗ ಅದಾರ. ಸಿಟ್ಟು ಮಾಡೋದಿದ್ರ ನಮ್ಮ ಮನಿಗೆ ಬಂದು, ಉಂಡು, ಕುಂತು ಮಾಡ್ಲಿ."

ಬುಕ್ಕಸಾಗರದ ಜಂಬಯ್ಯ ತನ್ನ ರೇಡಿಯೊ ಒಯ್ಯಲು ಬಂದವನು ಹಿಂದೆ ನಿಂತಿದ್ದ. ಯಾರು ಈ ತಾಯಿ ಅಂತ ಕೇಳಿದ. ನಮ್ಮ ಬೀಗಿತ್ತಿ ಅಂದೆ. ಎರಡೂವರೆ ವರ್ಷದಲ್ಲಿ ಆ ಮಾತನ್ನು ನಾನು ಮೊದಲ ಸಲ ಆಡಿದ್ದು, ಆಡಿದ ಮೇಲೆ ಮೈ ಹಗುರಾಯಿತು. ಅವನು ಹೋದ ಮೇಲೆ ನೋಡಿದರೆ ರೇಡಿಯೊ ಅಲ್ಲೇ ಇತ್ತು. ಇಬ್ಬರೂ ಮರೆತಿದ್ದೆವು.

ನೀವು ಕರೆದಿದ್ದೀರಿ. ಗುರುವಾರ ಬೆಳಗಿನ ಬಸ್ಸಿಗೆ ನಾನು, ಪಂಪಮ್ಮ ಬರುತ್ತೇವೆ. ಸಿಟ್ಟು ತರುವುದಿಲ್ಲ, ಒಂದು ಬಾಳೆಗೊನೆ ತರುತ್ತೇವೆ. ನನಗೆ ಬದನೆ ಆಗುವುದಿಲ್ಲ, ಮುಳಗಾಯಿ ಪಲ್ಯ ಮುಟ್ಟುವುದಿಲ್ಲ ಅಂತ ಪೂಜಿತಾಗೆ ಗೊತ್ತು. ಆದರೂ ನೀವು ಮಾಡಿದ್ದರೆ ಉಣ್ಣುತ್ತೇನೆ.

ಜಡೆಪ್ಪ


ಬಂಡ್ರಿ
ಮಂಗಳವಾರ, ೧೯ ಸೆಪ್ಟೆಂಬರ್ ೨೦೦೬

ಪಂಪಮ್ಮನಿಗೆ,

ಶುಕ್ರವಾರ ನಿನ್ನನ್ನು ಬಸ್ಸು ಹತ್ತಿಸುವಾಗ ನಾಳೆ ಬರುತ್ತೇನೆ ಅಂದಿದ್ದೆ. ಇವತ್ತಿಗೆ ನಾಲ್ಕು ದಿನವಾಯಿತು. ಅಂಗಡಿ ಮುಚ್ಚಿಯೇ ಇರಲಿ. ಜಂಬಯ್ಯ ಬಂದರೆ ರೇಡಿಯೊ ಎಡಗಡೆಯ ಗೂಡಿನಲ್ಲಿದೆ, ಕೊಟ್ಟು ಕಳಿಸು.

ಇಲ್ಲಿ ಕೆಲಸ ಸಿಕ್ಕಿಕೊಂಡಿದೆ. ಕಾರ್ಯಕ್ರಮ ನೋಡಿದ ಮೇಲೆ ಓಣಿಯಲ್ಲಿ ಮೂರು ಮನೆಯವರು ಟಿವಿ, ಡಿಶ್ ತಂದಿದ್ದಾರೆ. ಮೂರನ್ನೂ ರಸ್ತೆ ಕಡೆಯ ಗೋಡೆಗೇ ಹೊಡೆಸಿಕೊಂಡಿದ್ದರು. ಪೂಜಿ ಒಬ್ಬಳೇ ಎಲ್ಲವನ್ನೂ ಇಳಿಸುತ್ತೇನೆ ಅಂದಳು. ಬಿಟ್ಟು ಬರಲು ಮನಸ್ಸಾಗಲಿಲ್ಲ.

ಮೊದಲ ದಿನ ಸಂಡೂರಿನಲ್ಲಿ ಅಳಿಯ ಹಾಲೇಶ ನಮ್ಮ ಬ್ಯಾಗು ಇಸಿದುಕೊಂಡಾಗ ನಾನು ಏನೂ ಮಾತಾಡಲಿಲ್ಲ ಅಂತ ನೀನು ಕಣ್ಣಲ್ಲೇ ಬೈದೆ. ನಾನು ಮಾತು ಹುಡುಕುತ್ತಿದ್ದೆ. ಮನೆಯ ಹಿಂದೆ ಹೋಗಿ ತೂಗುಗುಂಡು ಬಿಟ್ಟು ನೋಡಿದ ಮೇಲೆ ಸಿಕ್ಕಿತು. "ಹಾಲೇಶಪ್ಪ, ಕಂಬ ಭಾಳ ನೆಟ್ಟಗ ನಿಲ್ಸೀಯಪ್ಪ" ಅಂದೆ. ಅವನು ತಲೆ ತಗ್ಗಿಸಿ, "ನೀವು ಹೇಳಿದಂಗ ಮಾಡೀನ್ರಿ ಮಾವಾರ" ಅಂದ. ಮಾವ ಅನ್ನಿಸಿಕೊಳ್ಳಲು ಇಷ್ಟು ದೂರ ಬರಬೇಕಾಯಿತು. ಭಾನುವಾರ ನನ್ನನ್ನು ಲಾರಿಯಲ್ಲಿ ಕೂರಿಸಿಕೊಂಡು ಗುಡ್ಡದ ತನಕ ಹೋಗಿ ಬಂದ. ಇಳಿಜಾರಿನಲ್ಲಿ ಅವನು ಗೇರು ಹಾಕುವುದನ್ನು ನೋಡಿದೆ. ಕೈ ಹಗುರ, ಅವಸರವಿಲ್ಲ. ನನ್ನ ಹತ್ತಿರ ಬಂದಿದ್ದರೆ ಒಳ್ಳೆಯ ಮೆಕ್ಯಾನಿಕ್ ಆಗುತ್ತಿದ್ದ.

ಬೀಗಿತ್ತಿ ಮುಳಗಾಯಿ ಮಾಡಲಿಲ್ಲ. ಪೂಜಿ ಹೇಳಿಬಿಟ್ಟಿದ್ದಾಳೆ. ದಿನಕ್ಕೊಂದು ಬಗೆಯ ಪಲ್ಯ, ಜೋಳದ ರೊಟ್ಟಿ. ಎಷ್ಟು ಬೇಡ ಅಂದರೂ ಇನ್ನೊಂದು ಬೀಳುತ್ತದೆ. ಸಿಟ್ಟು ಯಾವಾಗ ಮಾಡ್ತೀರಿ ಬೀಗರೇ ಅಂತ ಕೇಳುತ್ತಾರೆ. ಉಂಡು ಮುಗಿದಿಲ್ಲ ಅನ್ನುತ್ತೇನೆ.

ನಿನ್ನೆ ನಾನು ಪೂಜಿಯನ್ನು ಕೇಳಿದೆ. ಎರಡೂವರೆ ವರ್ಷದ ಹಿಂದೆಯೇ ಕೇಳಬೇಕಾಗಿತ್ತು. ಅವನನ್ನೇ ಏಕೆ ಅಂತ. ಅವಳು ಕನೆಕ್ಟರ್ ಕೂರಿಸುತ್ತಾ ಹೇಳಿದಳು. ಹಾಲೇಶ ಒಮ್ಮೆ ಲಾರಿಯ ಟೇಪ್ ರೆಕಾರ್ಡರ್ ರಿಪೇರಿಗೆ ನಮ್ಮ ಅಂಗಡಿಗೆ ತಂದಿದ್ದನಂತೆ. ನಾನು ಊಟಕ್ಕೆ ಹೋಗಿದ್ದೆ. ಅವಳೇ ಬಿಚ್ಚಿ ಸರಿಮಾಡಿದಳು. "ಬ್ಯಾರೆ ಗಿರಾಕಿ ಎಲ್ಲಾ ನಿಮ್ಮಪ್ಪ ಬರ್ಲಿ, ಒಂದ್ಸಲ ನೋಡ್ಲಿ ಅಂತಿದ್ರು. ಇವರು ಹಂಗನ್ನಲಿಲ್ಲಪ್ಪಾ. ನೀವು ಮಾಡೀರಿ ಅಂದ್ಮ್ಯಾಲ ಸರಿ ಇರ್ತೈತಿ ಅಂತ ತಗೊಂಡು ಹೋದ್ರು."

ಅಷ್ಟೇ. ಇದರಲ್ಲಿ ಸಿಟ್ಟು ಮಾಡುವಂಥದ್ದು ಏನಿತ್ತು ಪಂಪಮ್ಮ? ಅವಳಿಗೆ ಕಲಿಸಿದವನು ನಾನು. ಅವಳ ಕೆ‌ಲಸವನ್ನು ನನಗಿಂತ ಮೊದಲು ನಂಬಿದವನನ್ನು ಹೊಸ್ತಿಲ ಆಚೆ ನಿಲ್ಲಿಸಿದೆ.

ಇವತ್ತು ಬೆಳಿಗ್ಗೆ ಓಣಿಯ ಕೊನೇ ಮನೆಯ ಪಕೀರಮ್ಮನ ಡಿಶ್ ಇಳಿಸಿದೆವು. ಏಣಿ ತಂದಾಗ ನಾನೇ ಹತ್ತಲು ಕಾಲಿಟ್ಟೆ. ಪೂಜಿ ನನ್ನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು ಸರಸರ ಹತ್ತಿಬಿಟ್ಟಳು. ಕೆಳಗಿನಿಂದ ಹೀಗೆ ತಿರುಗಿಸು, ಹಾಗೆ ಹಿಡಿ ಅಂತ ಹೇಳಬೇಕೆಂದು ಬಾಯಿ ತೆರೆದೆ. ಹೇಳುವಂಥದ್ದು ಏನೂ ಇರಲಿಲ್ಲ. ಎಲ್ಲಾ ಸರಿಯಾಗಿಯೇ ಮಾಡುತ್ತಿದ್ದಳು. ಪಕೀರಮ್ಮ ಹೊರಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾರವ್ವ ಈ ಹಿರ್‍ಯಾರು, ದೊಡ್ಡ ಮೆಕ್ಯಾನಿಕ್ಕೇನು?" ಅಂತ ಕೇಳಿದಳು.

"ನಮ್ಮಪ್ಪ" ಅಂದಳು ಪೂಜಿ, ಮೇಲಿನಿಂದಲೇ. "ನನಗ ಏಣಿ ಹಿಡಿಯಾಕ ಬಂದಾರ."

ನಾನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡೆ.

ನಿನ್ನ
ಜಡೆಪ್ಪ